ಅಗ್ನಿಶಾಮಕರ ಕೋಟು ಸುಡುವುದಿಲ್ಲವೇ?

ಫೈರ್ ಸ್ಟೇಷನ್ ನೋಡಲು ಹೋದಾಗ ನಿಮ್ಮ ಮಗು ಅಲ್ಲಿನ ದಪ್ಪ ಕೋಟನ್ನು ಮುಟ್ಟಿ, "ಅಮ್ಮಾ, ಇದು ಸುಡಲ್ವಾ?" ಎಂದು ಕೇಳಿರಬಹುದು. ಉತ್ತರಿಸಲು ಕನ್ನಡದ ಮೂರು ಮಾತು ಸಾಕು: ಉರಿಯುವುದು, ಕರಗುವುದು, ಕರಕಲಾಗುವುದು.

ಹತ್ತಿ ಬಟ್ಟೆ ಉರಿಯುತ್ತದೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ. ಕರಗಿದ್ದು ಚರ್ಮಕ್ಕೆ ಅಂಟಿಕೊಂಡು ಗಾಯ ಆಳವಾಗುತ್ತದೆ. ಅಗ್ನಿಶಾಮಕರ ಕೋಟಿನ ನೋಮೆಕ್ಸ್‌ನಂಥ ಅರಾಮಿಡ್ ಬಟ್ಟೆ ಕರಗುವುದಿಲ್ಲ. ಸುಮಾರು 370 ಡಿಗ್ರಿಯ ಮೇಲೆ ಕರಕಲಾಗತೊಡಗುತ್ತದೆ. ಆ ಕರಕಲೇ ದಪ್ಪಗಾಗಿ ಶಾಖವನ್ನು ತಡೆಯುತ್ತದೆ.

ಅದರ ಒಳಗೆ ಇನ್ನೆರಡು ಪದರಗಳಿವೆ. ಒಂದು ನೀರನ್ನು ತಡೆಯುತ್ತದೆ, ಇನ್ನೊಂದು ಗಾಳಿಯನ್ನು ಹಿಡಿದಿಟ್ಟು ಶಾಖವನ್ನು ನಿಧಾನಗೊಳಿಸುತ್ತದೆ. ಆದರೂ ಕೋಟು ಕೊಡುವುದು ಸ್ವಲ್ಪ ಸಮಯವನ್ನು ಮಾತ್ರ. ಅಮೆರಿಕದ ಮಾನದಂಡದ ಪ್ರಕಾರ, ಪ್ರಯೋಗಾಲಯದಲ್ಲಿ ತೀವ್ರ ಜ್ವಾಲೆ ಹಾಯಿಸಿದಾಗ ಒಳಗಿನ ಚರ್ಮದಲ್ಲಿ ಬೊಬ್ಬೆ ಏಳುವಷ್ಟು ಶಾಖ ದಾಟಲು ಕನಿಷ್ಠ 17.5 ಸೆಕೆಂಡು ಹಿಡಿಯಬೇಕು. ಬೆಂಕಿಯಿಂದ ಹೊರಬರಲು ಆ ಸೆಕೆಂಡುಗಳೇ ಆಸರೆ.

ಮಕ್ಕಳ ಬಟ್ಟೆಗೆ ಆ ಆಸರೆಯೂ ಇಲ್ಲ. ಅಮೆರಿಕದಲ್ಲಿ ಹತ್ತಿಯ ಪೈಜಾಮ ಕೊಂಡರೆ ಅದಕ್ಕೆ ತೂಗುಹಾಕಿದ ಹಳದಿ ಚೀಟಿಯನ್ನು ಓದಿ: ಇದು ಬೆಂಕಿ ನಿರೋಧಕವಲ್ಲ, ಮೈಗೆ ಹತ್ತಿದಂತಿರಲಿ ಎಂದಿರುತ್ತದೆ. ಕೋಟಿನೊಳಗೆ ಬಂಧಿಯಾದ ಗಾಳಿ ಕಾಪಾಡುತ್ತದೆ. ಸಡಿಲ ಬಟ್ಟೆಯ ಕೆಳಗೆ ಓಡಾಡುವ ಗಾಳಿ ಬೆಂಕಿಗೆ ಉಸಿರು ಕೊಡುತ್ತದೆ. ಅದಕ್ಕೇ ಒಂದು ಸೈಜ್ ದೊಡ್ಡದು ಕೊಳ್ಳುವ ನಮ್ಮ ಅಭ್ಯಾಸ ರಾತ್ರಿಯುಡುಪಿಗೆ ಬೇಡ.

ದೀಪಾವಳಿಯಲ್ಲೂ ಇದೇ ಲೆಕ್ಕ. ಸುರುಸುರು ಬತ್ತಿಯ ತುದಿ 1000 ಡಿಗ್ರಿ ಮುಟ್ಟಬಲ್ಲದು. ಮಿರಮಿರ ಮಿಂಚುವ ಪಾಲಿಯೆಸ್ಟರ್ ಲಂಗ ಪೂಜೆಗೆ, ಫೋಟೋಗೆ ಇರಲಿ. ಅಂಗಳಕ್ಕೆ ಇಳಿಯುವ ಮುನ್ನ ಮೈಗೊಪ್ಪುವ ಹತ್ತಿ ಬಟ್ಟೆ ಹಾಕಿ, ದುಪಟ್ಟಾ ತೆಗೆದಿಡಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ.

ಇನ್ನೊಂದು ಮಾತು. ಬಟ್ಟೆಗೆ ಬೆಂಕಿ ಹತ್ತಿದರೆ ಏನು ಮಾಡಬೇಕೆಂದು ಶಾಲೆ ನಿಮ್ಮ ಮಗುವಿಗೆ ಇಂಗ್ಲಿಷಿನಲ್ಲಿ ಕಲಿಸಿರಬಹುದು. ಆದರೆ ಆ ಹೊತ್ತಿನಲ್ಲಿ ಪಕ್ಕದಲ್ಲಿರುವವರು ಊರಿನಿಂದ ಬಂದ ಅಜ್ಜಿಯಾಗಿದ್ದರೆ? ಅವರು ಕೂಗುವುದು ಕನ್ನಡದಲ್ಲೇ. ಈ ವಾರ ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಸೇರಿ ಒಮ್ಮೆ ಆಡಿ ನೋಡಿ: "ಓಡಬೇಡ! ನಿಲ್ಲು, ಮಲಗು, ಮುಖ ಮುಚ್ಚಿ ಉರುಳು!"