ಬೇಟೆಗೆ ಪಳಗಿದ ಪ್ರಾಣಿಗಳು: ಮಿಂಕ್, ಸಿವಂಗಿ, ನೀರುನಾಯಿ

ಒಂದು ಪ್ರಾಣಿಯನ್ನು ಪಳಗಿಸಿ ಅದರಿಂದ ಮತ್ತೊಂದು ಪ್ರಾಣಿಯನ್ನು ಬೇಟೆಯಾಡಿಸುವ ವಿದ್ಯೆಯು ಬಹು ಪುರಾತನವಾದುದು. ನಮ್ಮ ಕನ್ನಡನಾಡಿನಲ್ಲಿ ಇದಕ್ಕೆ ಶಾಸ್ತ್ರಗ್ರಂಥದ ಆಧಾರವೇ ಉಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಸಾರಮೇಯವಿನೋದ, ಶ್ಯೇನವಿನೋದಗಳೆಂಬ ಪ್ರಕರಣಗಳಿವೆ. ಸಾರಮೇಯವೆಂದರೆ ನಾಯಿ, ಶ್ಯೇನವೆಂದರೆ ಡೇಗೆ. ನಮ್ಮ ಬಳ್ಳಾರಿಗೆ ಸಮೀಪದ ಕುರುಗೋಡಿನಿಂದ ಆಳುತ್ತಿದ್ದ ಸಿಂದರು ಆ ಚಾಲುಕ್ಯರ ಸಾಮಂತರೇ ಆಗಿದ್ದರು.

ಈ ವಿದ್ಯೆಗೆ ಅಮೆರಿಕ ದೇಶದಲ್ಲಿ ಈಗ ಒಂದು ಹೊಸ ಕವಲು ಒಡೆದಿರುವುದು. ಮಿಂಕ್ ಎಂಬುದೊಂದು ಸಣ್ಣ ಪ್ರಾಣಿ. ನೋಟಕ್ಕೆ ನಮ್ಮ ಮುಂಗುಸಿಯನ್ನು ಹೋಲುವುದಾದರೂ ಕುಲ ಬೇರೆ. ಅದು ನೀರುನಾಯಿಯ ದಾಯಾದಿ. ತೂಕವು ಸುಮಾರು ಒಂದು ಕಿಲೋಗ್ರಾಮು. ಈಜುವುದು, ಮುಳುಗುವುದು, ಬಿಲದೊಳಕ್ಕೆ ನುಗ್ಗುವುದು ಇವು ಮೂರೂ ಅದಕ್ಕೆ ಹುಟ್ಟುಗುಣ. ಇದರ ಮೃದುವಾದ ತುಪ್ಪಳಿಗಾಗಿ ಪಾಶ್ಚಾತ್ಯರು ಇದನ್ನು ಲಕ್ಷಾವಧಿಯಾಗಿ ಪಂಜರಗಳಲ್ಲಿ ಸಾಕಿದರು. ಯೂಟಾ ಸಂಸ್ಥಾನದ ಜೋಸೆಫ್ ಕಾರ್ಟರ್ ಎಂಬಾತನು ಇಂತಹ ಮಿಂಕನ್ನೇ ಬೇಟೆಗೆ ಪಳಗಿಸಿ ಪ್ರಸಿದ್ಧನಾದನು. ಕಾಲುವೆಯ ಏರಿಗಳನ್ನು ಕೊರೆದು ನೀರು ಸೋರುವಂತೆ ಮಾಡುವ ಮಸ್ಕ್‌ರ‍್ಯಾಟ್ ಎಂಬ ನೀರಿಲಿಯನ್ನೂ, ಕೊಟ್ಟಿಗೆಗಳ ಇಲಿಗಳನ್ನೂ ಈ ಮಿಂಕ್ ಬಿಲದೊಳಗೆ ಹೊಕ್ಕು ಹಿಡಿಯುವುದು. ಹೊರಕ್ಕೆ ಓಡಿಬಂದುದನ್ನು ನಾಯಿಗಳು ಹಿಡಿಯುವವು.

ಇಲ್ಲಿ ಗಮನಿಸಬೇಕಾದ ವಿಷಯವೊಂದುಂಟು. ಬೇಟೆಯಾಡುವುದನ್ನು ಮಿಂಕಿಗೆ ಯಾರೂ ಕಲಿಸಬೇಕಾಗಿಲ್ಲ. ಕಲಿಸಬೇಕಾದುದು ಇಷ್ಟೇ: ಮನುಷ್ಯನ ಕೈಗೆ ಹೆದರದಿರುವುದು, ಪೆಟ್ಟಿಗೆಯೇ ತನ್ನ ಮನೆಯೆಂದು ತಿಳಿಯುವುದು, ಆಹಾರದ ಆಸೆಯಿಂದ ಮರಳಿ ಬರುವುದು. ಇದಕ್ಕಾಗಿ ಮರಿಯು ಎಳೆಯದಾಗಿರುವಾಗಲೇ ಅದನ್ನು ಕೈಯಲ್ಲಿ ಆಡಿಸಿ ಬೆಳೆಸಬೇಕು. ನಾಯಿಯಂತೆ ಅದು ಒಡೆಯನ ಮೆಚ್ಚುಗೆಗಾಗಿ ದುಡಿಯುವುದಿಲ್ಲ. ತನ್ನ ಸ್ವಭಾವಕ್ಕಾಗಿ ಬೇಟೆಯಾಡುವುದು. ಪಳಗಿಸಿದವನು ಆ ಸ್ವಭಾವದ ಫಲದಲ್ಲಿ ಪಾಲನ್ನು ಪಡೆಯುವನು. ದಂಡದಿಂದ ಇಲ್ಲಿ ಏನೂ ಸಾಗದು.

‘ಹಾಗಾದರೆ ನಮ್ಮ ಸಿರುಗುಪ್ಪದ ಭತ್ತದ ಗದ್ದೆಗಳ ಇಲಿ ಹೆಗ್ಗಣಗಳಿಗೂ ಈ ಪ್ರಾಣಿಯನ್ನು ತರಿಸಬಾರದೇಕೆ?’ ಎಂದು ವಾಚಕರು ಕೇಳಬಹುದು. ಇದಕ್ಕೆ ಇಂಗ್ಲೆಂಡಿನ ಅನುಭವವೇ ಉತ್ತರ. ಆ ದೇಶಕ್ಕೆ 1929ರಲ್ಲಿ ತುಪ್ಪಳಿಗಾಗಿ ಮಿಂಕುಗಳನ್ನು ತಂದರು. ಪಂಜರದಿಂದ ತಪ್ಪಿಸಿಕೊಂಡ ಕೆಲವು ಹೊಳೆಗಳನ್ನು ಸೇರಿ, 1956ರ ವೇಳೆಗೆ ಕಾಡಿನಲ್ಲಿಯೇ ಸಂತಾನವನ್ನು ಬೆಳೆಸುತ್ತಿದ್ದುದು ಗೊತ್ತಾಯಿತು. ಅಲ್ಲಿನ ಹೊಳೆಯ ದಡದಲ್ಲಿ ವಾಸಿಸುವ ನಿರಪರಾಧಿಯಾದ ನೀರಿಲಿಯೊಂದರ ಕುಲವು ಬಹುಮಟ್ಟಿಗೆ ಕ್ಷೀಣಿಸಿತು. ಹೆಣ್ಣು ಮಿಂಕ್ ತೆಳ್ಳಗಿರುವುದರಿಂದ ಆ ಇಲಿಯ ಬಿಲದೊಳಕ್ಕೂ ಹೊಗುವುದು. ಬಡ ಪ್ರಾಣಿಗೆ ಅಡಗಲು ಎಡೆಯೇ ಉಳಿಯಲಿಲ್ಲ. ಪರದೇಶದ ಬೇಟೆಗಾರನಿಗೆ ಇದು ಹಿಡಿಯತಕ್ಕದ್ದು, ಇದು ಬಿಡತಕ್ಕದ್ದು ಎಂಬ ವಿವೇಕವಿರುವುದಿಲ್ಲ.

ಇನ್ನು ನಮ್ಮ ದೇಶದ ಬೇಟೆಗಾರ ಪ್ರಾಣಿಗಳ ಗತಿಯನ್ನು ನೋಡೋಣ. ಸಿವಂಗಿಯೆಂದು ಕನ್ನಡಿಗರು ಕರೆಯುತ್ತಿದ್ದ ಪ್ರಾಣಿಗೆ ಈಗ ಚೀತಾ ಎಂಬ ಹೆಸರು ರೂಢಿಯಲ್ಲಿದೆ. ಅದು ಚುಕ್ಕೆಯುಳ್ಳದ್ದು ಎಂಬ ಅರ್ಥದ ‘ಚಿತ್ರಕ’ ಶಬ್ದದಿಂದ ಬಂದುದು. ಅರಸರು ಇದನ್ನು ಹಿಡಿಸಿ, ಕಣ್ಣಿಗೆ ಕುಲಾವಿ ಕಟ್ಟಿ, ಬಂಡಿಯಲ್ಲಿ ಕುಳ್ಳಿರಿಸಿ ಕೃಷ್ಣಮೃಗಗಳ ಹಿಂಡಿನ ಬಳಿಗೆ ಒಯ್ಯುತ್ತಿದ್ದರು. ಕುಲಾವಿಯನ್ನು ತೆಗೆದೊಡನೆ ಅದು ಬಾಣದಂತೆ ಓಡಿ ಜಿಂಕೆಯನ್ನು ಕೆಡವುವುದು. ಪಾಲಕನು ಹಿಂದೆಯೇ ಓಡಿ, ಬೇಟೆಯ ರಕ್ತವನ್ನು ಸೌಟಿನಲ್ಲಿ ಹಿಡಿದು ಅದಕ್ಕೆ ಕುಡಿಸಿ, ಮತ್ತೆ ಕಣ್ಣು ಕಟ್ಟುವನು. ಟಿಪ್ಪು ಸುಲ್ತಾನನ ಬಳಿಯೂ ಇಂತಹ ಸಿವಂಗಿಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವು ಆಂಗ್ಲರ ವಶವಾದವು.

ಇಷ್ಟು ಆದರವಿದ್ದರೂ ಸಿವಂಗಿಯು ಉಳಿಯಲಿಲ್ಲ. ಕಾರಣವೇನೆಂದರೆ, ಸೆರೆಯಲ್ಲಿ ಅದು ಮರಿ ಹಾಕುತ್ತಿರಲಿಲ್ಲ. ತನ್ನ ತಂದೆಯಾದ ಅಕ್ಬರನ ಬಳಿ ಸಾವಿರ ಸಿವಂಗಿಗಳಿದ್ದವೆಂದೂ, ಅವು ಕೂಡಿ ಸಂತಾನವನ್ನು ಪಡೆಯಲೆಂದು ಆತನು ಎಷ್ಟು ಬಯಸಿದರೂ ಸಫಲವಾಗಲಿಲ್ಲವೆಂದೂ ಜಹಾಂಗೀರನು ಬರೆದಿರುವನು. ತಾಯಿಯಿಂದ ಬೇಟೆಯನ್ನು ಕಲಿತ ಪ್ರಾಯದ ಪ್ರಾಣಿಯೇ ಬೇಕಾದುದರಿಂದ, ಅರಮನೆಯ ಒಂದೊಂದು ಸಿವಂಗಿಯೂ ಕಾಡಿನ ಲೆಕ್ಕದಿಂದ ಕಳೆದುದೇ ಆಯಿತು. ಹೀಗೆ ಶತಮಾನಗಳು ಸಾಗಿದವು, ಹುಲ್ಲುಗಾವಲುಗಳು ಹೊಲಗಳಾದವು, ಬಂದೂಕು ಬಂದಿತು. 1947ರಲ್ಲಿ ಕೊರಿಯಾ ಸಂಸ್ಥಾನದ ಅರಸನು ಮೂರನ್ನು ಕೊಂದನು. 1952ರಲ್ಲಿ ಸರಕಾರವು ಈ ಪ್ರಾಣಿಯು ಭಾರತದಲ್ಲಿ ನಿಶ್ಶೇಷವಾಯಿತೆಂದು ಸಾರಿತು. ಎಪ್ಪತ್ತು ವರ್ಷಗಳ ತರುವಾಯ, 2022ರಲ್ಲಿ, ಆಫ್ರಿಕದ ನಮೀಬಿಯಾದಿಂದ ಚೀತಾಗಳನ್ನು ತಂದು ಮಧ್ಯಪ್ರದೇಶದ ಕೂನೋ ಕಾಡಿನಲ್ಲಿ ಬಿಡಬೇಕಾಯಿತು.

ಮೂರನೆಯದು ನಮಗೆ ಅತಿ ಸಮೀಪದ್ದು. ಸಂಸ್ಕೃತದಲ್ಲಿ ‘ಉದ್ರ’ವೆನಿಸಿದ ನೀರುನಾಯಿಯೇ ಅದು. ಉದಕವೆಂಬ ಶಬ್ದದ ಬಂಧುವಾದ ಇದೇ ಮೂಲದಿಂದ ಇಂಗ್ಲಿಷಿನ ‘ಆಟರ್’ ಎಂಬ ಹೆಸರೂ ಹುಟ್ಟಿರುವುದು ಕೌತುಕವಲ್ಲವೆ? ಬಾಂಗ್ಲಾದೇಶದ ನಡಾಯಿಲ್ ಸೀಮೆಯಲ್ಲಿಯೂ ಸುಂದರಬನದ ಹೊಳೆಗಳಲ್ಲಿಯೂ ಬೆಸ್ತರು ತಲೆತಲಾಂತರದಿಂದ ನೀರುನಾಯಿಗಳನ್ನು ಸಾಕಿಕೊಂಡು ಬಂದಿರುವರು. ರಾತ್ರಿಯ ವೇಳೆ ದೋಣಿಯ ಬದಿಯಲ್ಲಿ ಬಲೆಯನ್ನಿಳಿಸಿ, ಬಿದಿರಿನ ಗಳುಗಳಿಗೆ ಹಗ್ಗದಿಂದ ಬಿಗಿದ ನೀರುನಾಯಿಗಳನ್ನು ನೀರಿಗೆ ಬಿಡುವರು. ಅವು ಮೀನನ್ನು ಹಿಡಿದು ತಂದುಕೊಡುವುದಿಲ್ಲ. ದಡದ ಜೊಂಡಿನಲ್ಲಿ ಅಡಗಿದ ಮೀನುಗಳನ್ನು ಬಲೆಯ ಕಡೆಗೆ ಅಟ್ಟುವವು. ಮರಿಗಳಿಗೆ ಹಗ್ಗವಿಲ್ಲ, ತಾಯಿಯ ಬೆನ್ನ ಹಿಂದೆಯೇ ಈಜುತ್ತ ಕಸುಬನ್ನು ಕಲಿಯುವವು. ದುಡಿದುದಕ್ಕೆ ಮೀನಿನಲ್ಲಿ ಪಾಲುಂಟು. ಸಿವಂಗಿಗೂ ಇದಕ್ಕೂ ಇರುವ ಅಂತರವು ಇಲ್ಲಿಯೇ ಇದೆ. ನೀರುನಾಯಿಯು ಬೆಸ್ತರ ಮನೆಯಲ್ಲಿಯೇ ಮರಿ ಹಾಕುವುದು. ಆದುದರಿಂದ ಹೊಳೆಯನ್ನು ಬರಿದುಮಾಡದೆ ಈ ಕಸುಬು ನಡೆದುಬಂದಿತು. ಆದರೆ ಹೊಳೆಗಳಲ್ಲಿ ಮೀನು ಕಡಿಮೆಯಾದಂತೆ, ಈ ಕಸುಬಿನ ಕುಟುಂಬಗಳೂ ವಿರಳವಾಗಿವೆ.

ಇದೇ ಜಾತಿಯ ನೀರುನಾಯಿಯು ನಮ್ಮ ತುಂಗಭದ್ರೆಯಲ್ಲಿಯೂ ಇರುವುದು. ಅಲ್ಲಿ ಮನುಷ್ಯನ ಪಾಲುಗಾರನಾದುದು ಇಲ್ಲಿ ಮೀನುಗಳ್ಳನೆನಿಸಿದೆ. ಹರಿದ ಬಲೆಯನ್ನು ಕಂಡ ಬಡ ಬೆಸ್ತನು ಸಿಟ್ಟಾಗುವುದು ಸಹಜವೇ. 2015ರಲ್ಲಿ ಕರ್ನಾಟಕ ಸರಕಾರವು ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯ ಸೇತುವೆಯವರೆಗೆ ಸುಮಾರು 34 ಕಿಲೋಮೀಟರುಗಳ ಹೊಳೆಯನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದನ್ನು ಹಿಡಿಯುವುದೂ ಸಾಕುವುದೂ ದಂಡನಾರ್ಹ ಅಪರಾಧ. 2019ರಿಂದ ದೇಶದೇಶಗಳ ನಡುವೆ ಇದರ ವ್ಯಾಪಾರವೂ ನಿಷಿದ್ಧವಾಗಿದೆ.

ಬ್ರೂಸ್‌ಪೇಟೆಯಂತಹ ಪೇಟೆಬೀದಿಗಳಲ್ಲಿರುವ ಗೃಹಸ್ಥರು ‘ಹೊಳೆಯ ಪ್ರಾಣಿಯ ಗೊಡವೆ ನಮಗೇಕೆ?’ ಎನ್ನಬಹುದು. ಬಳ್ಳಾರಿಯ ಮನೆಗಳ ಕೊಡಗಳನ್ನು ತುಂಬುವುದು ತುಂಗಭದ್ರೆಯ ಕಾಲುವೆಯ ನೀರೇ. ಮೀನೂ ಮೀನನ್ನು ತಿನ್ನುವ ನೀರುನಾಯಿಯೂ ಬದುಕಿರುವ ಹೊಳೆಯಲ್ಲಿ ನೀರೂ ಇನ್ನೂ ಕೆಟ್ಟಿಲ್ಲವೆಂದು ತಿಳಿಯಬಹುದು. ಹೊಳೆಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವವರು ಮೀನು, ಮರಿ, ನೀರುನಾಯಿಗಳನ್ನು ಒಟ್ಟಿಗೇ ನಾಶಮಾಡುವರು. ಅಂತಹ ಮೀನನ್ನು ಕೊಳ್ಳದಿರುವುದು ಗೃಹಸ್ಥರ ಕೈಯಲ್ಲಿಯೇ ಇದೆ.

ಹಂಪೆಗೋ ಕಂಪ್ಲಿಗೋ ಹೋದಾಗ ಬಂಡೆಗಳ ನಡುವೆ ನೀರುನಾಯಿಯ ಮರಿಗಳನ್ನು ಕಂಡರೆ, ಮುದ್ದೆಂದು ಮಕ್ಕಳು ಮನೆಗೆ ತರಬಯಸುವುದುಂಟು. ಆಗ ಹಿರಿಯರು ಸಿವಂಗಿಯ ಕಥೆಯನ್ನು ಹೇಳಬೇಕು. ತಾಯಿಯು ಆಹಾರಕ್ಕೆ ಹೋಗಿರುವಳೇ ಹೊರತು ಮರಿಗಳನ್ನು ಬಿಟ್ಟುಹೋದವಳಲ್ಲ. ದೂರದಲ್ಲಿ ಮೌನವಾಗಿ ನಿಂತು ನೋಡಿ, ಮರಿಗೆ ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಮನೆಗೆ ಮರಳಬೇಕು. ಬೇಟೆಯ ವಿದ್ಯೆಯನ್ನು ಆ ಮರಿಗಳಿಗೆ ಕಲಿಸುವ ಗುರುವು ಹೊಳೆಯಲ್ಲಿಯೇ ಇರುವಳು.