ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸುವಲ್ಲಿ ತಲೆದೋರುವ ತೊಂದರೆಗಳೂ ಅವುಗಳ ನಿವಾರಣೋಪಾಯಗಳೂ

ಮಿನಿ ಡಿ.ವಿ. ಎಂಬ ಚಿಕ್ಕ ವಿಡಿಯೋ ಕ್ಯಾಸೆಟ್ಟು ೧೯೯೫ನೆಯ ಇಸವಿಯಲ್ಲಿ ಬಳಕೆಗೆ ಬಂದಿತು. ಅದರ ತರುವಾಯದ ವರ್ಷಗಳಲ್ಲಿ ಜಾತ್ರೆ, ವಿವಾಹ ಮೊದಲಾದ ಉತ್ಸವಗಳಲ್ಲದೆ, ಕೆರೆಯ ಹೂಳೆತ್ತಿದ ಕಾರ್ಯ, ಬೆಳೆಯ ಪ್ರದರ್ಶನ, ವೃದ್ಧ ಬೇಸಾಯಗಾರರು ಬಿತ್ತನೆಯ ಕ್ರಮವನ್ನು ಕುರಿತು ಸ್ವಂತ ಬಾಯಿಂದ ಹೇಳಿದ ಮಾತು, ಇವೆಲ್ಲವೂ ಇಂತಹ ಕ್ಯಾಸೆಟ್ಟುಗಳಲ್ಲಿ ದಾಖಲಾಗಿರುವುದುಂಟು. ಆ ಹಿರಿಯರಲ್ಲಿ ಹಲವರು ಈಗ ಇಲ್ಲ. ಕ್ಯಾಸೆಟ್ಟು ಕೆಟ್ಟಿತೆಂದರೆ ಅವರ ಮಾತೂ ಹೋಯಿತೆಂದೇ ತಿಳಿಯಬೇಕು.

ಕ್ಯಾಸೆಟ್ಟಿನ ಪಟ್ಟಿಯು ಕಾಲಕ್ರಮದಲ್ಲಿ ಶಿಥಿಲವಾಗತಕ್ಕ ವಸ್ತು. ತೇವವಿರುವ ಕಡೆ ಅದಕ್ಕೆ ಬೂಷ್ಟು ಹಿಡಿಯುವುದು. ಪಟ್ಟಿಯು ಚೆನ್ನಾಗಿದ್ದರೂ ಅದನ್ನು ಓಡಿಸುವ ಯಂತ್ರಗಳು ದುರ್ಲಭವಾಗುತ್ತಲಿವೆ. ದೊಡ್ಡ ಗಾತ್ರದ ವಿ.ಎಚ್.ಎಸ್. ಕ್ಯಾಸೆಟ್ಟುಗಳ ಯಂತ್ರವನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿಯು ೨೦೧೬ನೆಯ ಜುಲೈ ತಿಂಗಳಲ್ಲಿ ಆ ತಯಾರಿಕೆಯನ್ನು ನಿಲ್ಲಿಸಿತು. ೨೦೧೯ರಲ್ಲಿ ಯುನೆಸ್ಕೋ ಸಂಸ್ಥೆಯು ಇಂತಹ ಪಟ್ಟಿಗಳ ವಿಷಯದಲ್ಲಿ ಲೋಕಕ್ಕೆಲ್ಲ ಎಚ್ಚರಿಕೆಯನ್ನು ಕೊಟ್ಟಿದೆ. ಆದಕಾರಣ ಇವುಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಕಾರ್ಯವನ್ನು ಇನ್ನು ಮುಂದೂಡಲಾಗದು.

ಕಾರ್ಯದ ಸ್ವರೂಪ

ಮಿನಿ ಡಿ.ವಿ. ಕ್ಯಾಸೆಟ್ಟನ್ನು ಅದೇ ಜಾತಿಯ ಕ್ಯಾಮೆರಾದಲ್ಲಿಟ್ಟು, ಫೈರ್‌ವೈರ್ ಎಂಬ ತಂತಿಯ ಮೂಲಕ ಗಣಕಯಂತ್ರಕ್ಕೆ ಜೋಡಿಸಿ, ಪಟ್ಟಿಯನ್ನು ಓಡಿಸಬೇಕು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯ ಕಾಲವೇ ಹಿಡಿಯುವುದು. ಭಾರತದಲ್ಲಿ ರೂಢಿಯಲ್ಲಿರುವ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ ೨೫ ಚಿತ್ರಗಳಂತೆ, ಸುಮಾರು ೩.೬ ಮೆಗಾಬೈಟಿನಷ್ಟು ಮಾಹಿತಿಯು ಎಡೆಬಿಡದೆ ಹರಿದು ಬರುವುದು. ಒಂದು ಗಂಟೆಗೆ ಸುಮಾರು ೧೩ ಗಿಗಾಬೈಟ್ ಸ್ಥಳ ಬೇಕು.

ಇದು ಕಾಲುವೆಯ ನೀರಿನಂತೆ. ಗದ್ದೆಯವನು ಮಡಿಯನ್ನು ತಿರುಗಿಸುವುದರಲ್ಲಿ ತಡಮಾಡಿದರೆ ನೀರು ಕಾಯುವುದಿಲ್ಲ. ಬದುವನ್ನು ಮೀರಿ ಪೋಲಾಗುವುದು. ಅದರಂತೆಯೇ ಗಣಕಯಂತ್ರವು ಕ್ಷಣಮಾತ್ರ ಹಿಂದೆ ಬಿದ್ದರೂ ಆ ಕ್ಷಣದ ಚಿತ್ರಗಳು ಬಿಟ್ಟುಹೋಗುವುವು.

ಮೊದಲ ಪರೀಕ್ಷೆ

ಯಾವ ತೊಂದರೆ ಕಂಡುಬಂದರೂ, ಮೊದಲು ಕ್ಯಾಸೆಟ್ಟನ್ನು ಕ್ಯಾಮೆರಾದ ಸ್ವಂತ ಪರದೆಯಲ್ಲಿ ಓಡಿಸಿ ನೋಡತಕ್ಕದ್ದು. ದೋಷವು ಅಲ್ಲಿಯೂ ಕಂಡರೆ ಅದು ಪಟ್ಟಿಯದು ಅಥವಾ ಕ್ಯಾಮೆರಾದ್ದು. ಅಲ್ಲಿ ಚಿತ್ರವು ನಿರ್ಮಲವಾಗಿದ್ದು ಗಣಕಯಂತ್ರದಲ್ಲಿ ಮಾತ್ರ ಕೆಟ್ಟಿದ್ದರೆ, ದೋಷವನ್ನು ತಂತಿಯಲ್ಲಿಯೋ ಗಣಕಯಂತ್ರದಲ್ಲಿಯೋ ಹುಡುಕಬೇಕು. ಈ ಒಂದು ಪರೀಕ್ಷೆಯಿಂದ ಅರ್ಧ ಶ್ರಮವು ಉಳಿಯುವುದು.

ಸಾಮಾನ್ಯವಾಗಿ ಕಾಣುವ ತೊಂದರೆಗಳು

೧. ಗಣಕಯಂತ್ರಕ್ಕೆ ಕ್ಯಾಮೆರಾದ ಗುರುತು ಸಿಕ್ಕದಿರುವುದು.— ಕ್ಯಾಮೆರಾದ ಗುಂಡಿಯು ಚಿತ್ರ ತೆಗೆಯುವ ಸ್ಥಾನದಲ್ಲಿರದೆ, ಕ್ಯಾಸೆಟ್ಟು ಓಡಿಸುವ ಸ್ಥಾನದಲ್ಲಿರಬೇಕು. ಅನೇಕ ಕ್ಯಾಮೆರಾಗಳಲ್ಲಿ ಯು.ಎಸ್.ಬಿ. ರಂಧ್ರವು ಬಿಡಿ ಛಾಯಾಚಿತ್ರಗಳಿಗಾಗಿ ಇಟ್ಟದ್ದು. ಪೂರ್ಣ ಗುಣದ ವಿಡಿಯೋ ಬರುವುದು ಡಿ.ವಿ. ಎಂದು ಗುರುತು ಮಾಡಿದ ರಂಧ್ರದಿಂದ. ವಿಂಡೋಸ್ ೭ ಇರುವ ಯಂತ್ರಗಳಲ್ಲಿ ಫೈರ್‌ವೈರಿಗೆ ಸಂಬಂಧಿಸಿದ ‘ಲೆಗಸಿ’ ಎಂಬ ಹಳೆಯ ಡ್ರೈವರನ್ನು ಆರಿಸಿದರೆ ಅನೇಕ ವೇಳೆ ಗುರುತು ಸಿಕ್ಕುವುದು. ತಂತಿಯನ್ನು ಜೋಡಿಸುವಾಗ ಎರಡು ಯಂತ್ರಗಳನ್ನೂ ಆರಿಸಿರಬೇಕು. ಆರು ಮುಳ್ಳಿನ ತುದಿಯಲ್ಲಿ ವಿದ್ಯುತ್ತೂ ಹರಿಯುವುದರಿಂದ, ಅದನ್ನು ತಿರುಗುಮುರುಗಾಗಿ ಒತ್ತಿದರೆ ಕ್ಯಾಮೆರಾದ ರಂಧ್ರವು ಸುಟ್ಟುಹೋಗುವ ಭಯವುಂಟು.

೨. ಚಿತ್ರಗಳು ನಡುನಡುವೆ ಬಿಟ್ಟುಹೋಗುವುದು.— ಫೈರ್‌ವೈರ್ ತಂತಿಯು ಸೆಕೆಂಡಿಗೆ ೪೦೦ ಮೆಗಾಬಿಟ್ ಸಾಗಿಸಬಲ್ಲದು. ಚಿತ್ರಗಳಿಗೆ ಬೇಕಾದದ್ದು ೨೫ ಮಾತ್ರ. ಆದುದರಿಂದ ತಂತಿಯ ವೇಗ ಸಾಲದೆಂಬ ಸಂಶಯಕ್ಕೆ ಎಡೆಯಿಲ್ಲ. ಹಾರ್ಡ್ ಡಿಸ್ಕು ಭರ್ತಿಯಾಗಿರುವುದು, ಅದರಲ್ಲಿನ ಕಡತಗಳು ತುಂಡುತುಂಡಾಗಿ ಹರಡಿರುವುದು, ಅಥವಾ ಗಣಕಯಂತ್ರವು ಅದೇ ಕಾಲದಲ್ಲಿ ಬೇರೆ ಕೆಲಸದಲ್ಲಿ ತೊಡಗಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ವೈರಸ್ ಶೋಧನೆ, ಅಂತರ್ಜಾಲದ ಸಂಪರ್ಕ, ಪರದೆಯನ್ನು ತಾನಾಗಿ ಆರಿಸುವ ಏರ್ಪಾಡು, ಇವನ್ನೆಲ್ಲ ಆ ಹೊತ್ತಿಗೆ ನಿಲ್ಲಿಸಿರಬೇಕು. ಚಿತ್ರಗಳಿಗಾಗಿ ಪ್ರತ್ಯೇಕವಾದ ಹಾರ್ಡ್ ಡಿಸ್ಕನ್ನಿಡುವುದು ಉತ್ತಮ.

೩. ೧೯ ಅಥವಾ ೨೦ ನಿಮಿಷಗಳಾದೊಡನೆ ನಿಂತುಬಿಡುವುದು.— ಪ್ರತಿಸಾರಿಯೂ ಸುಮಾರು ಇದೇ ಕಾಲಕ್ಕೆ ನಿಂತರೆ ದೋಷವು ಕ್ಯಾಸೆಟ್ಟಿನದಲ್ಲ. ಎಫ್.ಎ.ಟಿ. ೩೨ ಎಂಬ ಕ್ರಮದಲ್ಲಿ ಸಜ್ಜುಗೊಳಿಸಿದ ಡಿಸ್ಕಿನಲ್ಲಿ ೪ ಗಿಗಾಬೈಟಿಗೆ ಮೀರಿದ ಕಡತವು ಹಿಡಿಯುವುದಿಲ್ಲ, ೩.೬ ಮೆಗಾಬೈಟಿನ ಹರಿವಿಗೆ ಆ ಕಣಜವು ೨೦ ನಿಮಿಷಗಳೊಳಗೆ ತುಂಬುವುದು. ಎನ್.ಟಿ.ಎಫ್.ಎಸ್. ಕ್ರಮದ ಡಿಸ್ಕಿನಲ್ಲಿ ಈ ತೊಡಕಿಲ್ಲ. ಆದರೆ ಕ್ರಮವನ್ನು ಬದಲಾಯಿಸುವುದಕ್ಕೆ ಮುನ್ನ ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆಡೆಗೆ ತೆಗೆದಿಡತಕ್ಕದ್ದು.

೪. ಚಿತ್ರವು ಚೌಕಚೌಕವಾಗಿ ಒಡೆಯುವುದು.— ಕ್ಯಾಮೆರಾದೊಳಗಿನ ಹೆಡ್ಡಿಗೆ ಧೂಳು ಹಿಡಿದಿದೆಯೆಂಬುದಕ್ಕೆ ಇದು ಲಕ್ಷಣ. ಹೆಡ್ಡನ್ನು ಶುಚಿಮಾಡುವ ಕ್ಯಾಸೆಟ್ಟನ್ನು ಕೆಲವೇ ಸೆಕೆಂಡುಗಳ ಕಾಲ ಓಡಿಸಬೇಕು. ಅತಿಯಾದರೆ ಹೆಡ್ಡು ಸವೆಯುವುದು. ಬೂಷ್ಟು ಹಿಡಿದ ಪಟ್ಟಿಯನ್ನು ಎಂದಿಗೂ ಕ್ಯಾಮೆರಾಕ್ಕೆ ಹಾಕಬಾರದು. ಒಂದು ಪಟ್ಟಿಯ ಬೂಷ್ಟು ಕ್ಯಾಮೆರಾವನ್ನು ಕೆಡಿಸಿ, ಅಲ್ಲಿಂದ ಉಳಿದ ಕ್ಯಾಸೆಟ್ಟುಗಳಿಗೂ ತಗಲುವುದು. ಅಂತಹವನ್ನು ಪ್ರತ್ಯೇಕವಾಗಿಟ್ಟು ಬಲ್ಲವರಿಗೆ ಒಪ್ಪಿಸತಕ್ಕದ್ದು.

೫. ಮಾತು ತುಟಿಗೆ ಹೊಂದದಿರುವುದು.— ಕ್ಯಾಮೆರಾಗಳು ಧ್ವನಿಯನ್ನು ೩೨ ಅಥವಾ ೪೮ ಕಿಲೋಹರ್ಟ್ಜ್ ಪ್ರಮಾಣದಲ್ಲಿ ದಾಖಲು ಮಾಡುವುವು. ಪಟ್ಟಿಯಲ್ಲಿರುವುದು ಒಂದು, ಗಣಕಯಂತ್ರದಲ್ಲಿ ಗೊತ್ತುಮಾಡಿರುವುದು ಇನ್ನೊಂದು ಆದರೆ ಧ್ವನಿಯು ಬರಬರುತ್ತ ಚಿತ್ರದಿಂದ ದೂರವಾಗಬಹುದು. ಎರಡನ್ನೂ ಒಂದೇ ಪ್ರಮಾಣಕ್ಕೆ ತರಬೇಕು. ಚಿತ್ರಗಳು ಬಿಟ್ಟುಹೋಗಿದ್ದರೂ ಇದೇ ಲಕ್ಷಣವು ತೋರುವುದುಂಟು.

೬. ಖಾಲಿ ಜಾಗ ಬಂದೊಡನೆ ಕೆಲಸ ನಿಲ್ಲುವುದು.— ಚಿತ್ರ ತೆಗೆದವರು ನಡುವೆ ಪಟ್ಟಿಯನ್ನು ಖಾಲಿ ಬಿಟ್ಟಿದ್ದರೆ ಅದರ ಮೇಲಿನ ಕಾಲದ ಗುರುತು ಕಡಿದುಹೋಗಿರುವುದು. ಗಣಕಯಂತ್ರವು ಅದನ್ನು ಕ್ಯಾಸೆಟ್ಟಿನ ಕೊನೆಯೆಂದು ಭ್ರಮಿಸುವುದುಂಟು. ಕೊನೆಯವರೆಗೂ ಓಡಿಸಿ ನೋಡಿ, ಪ್ರತಿಯೊಂದು ಭಾಗವನ್ನೂ ಬೇರೆಬೇರೆಯಾಗಿ ಇಳಿಸಿಕೊಳ್ಳಬೇಕು. ಅರ್ಧಕ್ಕೆ ನಿಂತದ್ದನ್ನು ಪೂರ್ಣವೆಂದು ನಂಬಿ ಕ್ಯಾಸೆಟ್ಟನ್ನು ಎಸೆಯಬಾರದು.

ಗ್ರಾಮದ ಮುಖ್ಯಸ್ಥರು ಮಾಡತಕ್ಕದ್ದು

ಗ್ರಾಮದಲ್ಲಿ ಯಾರಾರ ಬಳಿ ಇಂತಹ ಕ್ಯಾಸೆಟ್ಟುಗಳಿವೆಯೋ ಅವುಗಳ ಪಟ್ಟಿಯನ್ನು ಮೊದಲು ಬರೆಯಿಸುವುದು ಯುಕ್ತ. ಪ್ರತಿ ಕ್ಯಾಸೆಟ್ಟಿನ ಹಿಂಬದಿಯಲ್ಲಿರುವ ಚಿಕ್ಕ ಕೀಲನ್ನು ‘ಸೇವ್’ ಎಂಬ ಗುರುತಿನ ಕಡೆಗೆ ಸರಿಸಿದರೆ, ಅದರ ಮೇಲೆ ಅಕಸ್ಮಾತ್ತಾಗಿ ಬೇರೆ ಚಿತ್ರವು ದಾಖಲಾಗುವ ಅಪಾಯ ತಪ್ಪುವುದು. ನಾಲ್ಕಾರು ಗ್ರಾಮದವರು ಕೂಡಿದರೆ, ಸುಸ್ಥಿತಿಯಲ್ಲಿರುವ ಒಂದು ಕ್ಯಾಮೆರಾ, ಫೈರ್‌ವೈರ್ ರಂಧ್ರವುಳ್ಳ ಒಂದು ಹಳೆಯ ಗಣಕಯಂತ್ರ, ಇವೆರಡರಿಂದಲೇ ಎಲ್ಲರ ಕೆಲಸವೂ ಸಾಗುವುದು.

ಇಳಿಸಿಕೊಂಡದ್ದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಎರಡು ಪ್ರತಿಗಳನ್ನು ಮಾಡಿ, ಎರಡು ಬೇರೆ ಮನೆಗಳಲ್ಲಿಡತಕ್ಕದ್ದು. ಬಿತ್ತನೆಯ ಬೀಜವನ್ನು ಒಂದೇ ಗುಡಾಣದಲ್ಲಿ ತುಂಬಿ ನಿಶ್ಚಿಂತರಾಗಿರುವ ರೈತರು ಇರಲಾರರು. ಚಿತ್ರದ ದಿನ, ಸ್ಥಳ, ಅದರಲ್ಲಿ ಕಾಣುವವರ ಹೆಸರುಗಳನ್ನು, ತಿಳಿದವರು ಬದುಕಿರುವಾಗಲೇ ಕೇಳಿ ಬರೆದಿಡುವುದು ಇನ್ನೂ ಅವಶ್ಯಕ. ಬೇಸಗೆಯ ಬಿಡುವಿನಲ್ಲಿ ಈ ಕಾರ್ಯವನ್ನು ಕೈಕೊಂಡರೆ, ಮಳೆಗಾಲದ ತೇವವು ಮತ್ತೊಮ್ಮೆ ಪಟ್ಟಿಗಳನ್ನು ಸೋಕುವುದರೊಳಗಾಗಿ ಅವು ಸುರಕ್ಷಿತವಾಗುವುವು.