ಒಳಾಂಗಣ ಸಸ್ಯಗಳಿಗೆ ಎಲ್‌ಇಡಿ ದೀಪಗಳು

ಪ್ರಯೋಗಶಾಲೆಯ ಕಪಾಟಿನಲ್ಲಿ ಬೆಳೆಸಿದ ತುಳಸಿಯ ಸಸಿಗಳು ಬಿಳುಪೇರಿ, ಸಪೂರವಾಗಿ ನೀಳಗೊಂಡು ಬಾಗುವುದನ್ನು ಅಧ್ಯಾಪಕರನೇಕರು ಕಂಡಿರಬಹುದು. ಗೊಬ್ಬರದ ಕೊರತೆಯೆಂದು ಶಂಕಿಸುವುದು ವಾಡಿಕೆ. ಆದರೆ ಬಹುಮಟ್ಟಿಗೆ ಅವು ಬೆಳಕಿನ ಹಸಿವಿನಿಂದ ಬಳಲುತ್ತಿರುತ್ತವೆ. ಓದುವುದಕ್ಕೆ ಸಾಕಷ್ಟು ಬೆಳಕಿರುವ ಕೊಠಡಿಯಲ್ಲಿ ಇದು ಹೇಗೆ ಸಾಧ್ಯ?

ಕಣ್ಣು ಬೆಳಕನ್ನು ಅರಿಯುವ ಬಗೆ ಬೇರೆ, ಎಲೆ ಅದನ್ನು ಬಳಸುವ ಬಗೆ ಬೇರೆ. ಕಣ್ಣಿಗೆ 555 ನ್ಯಾನೋಮೀಟರಿನ ಹಸಿರು ಬೆಳಕು ಅತ್ಯಂತ ಉಜ್ಜ್ವಲ. ಲಕ್ಸ್ ಮಾನವು ಈ ಕಣ್ಣನ್ನೇ ಆಧರಿಸಿದೆ. ಎಲೆಗಾದರೋ 400ರಿಂದ 700 ನ್ಯಾನೋಮೀಟರಿನವರೆಗಿನ ಫೋಟಾನುಗಳ ಸಂಖ್ಯೆ ಮುಖ್ಯ. ಆದುದರಿಂದ ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಬೀಳುವ ಫೋಟಾನುಗಳನ್ನು ಮೈಕ್ರೊಮೋಲ್‌ಗಳಲ್ಲಿ ಎಣಿಸುತ್ತಾರೆ. ನಡುಹಗಲಿನ ನಿಚ್ಚಳ ಬಿಸಿಲು ಸುಮಾರು 2000 ಮೈಕ್ರೊಮೋಲ್. ಓದುವ ಮೇಜಿನ ಮೇಲಿನ 500 ಲಕ್ಸ್ ಬಿಳಿಯ ಎಲ್‌ಇಡಿ ಬೆಳಕು ಏಳೆಂಟು ಮೈಕ್ರೊಮೋಲ್ ಮಾತ್ರ! ಬಿಸಿಲನ್ನು ಬಯಸುವ ಗಿಡವು ಇಷ್ಟರಲ್ಲಿ ಗಳಿಸಿದ ಆಹಾರವೆಲ್ಲ ಉಸಿರಾಟಕ್ಕೇ ವ್ಯಯವಾಗಿಬಿಡುತ್ತದೆ.

ಬಣ್ಣದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಪತ್ರಹರಿತ್ತು ಕೆಂಪು ಮತ್ತು ನೀಲಿಗಳನ್ನು ವಿಶೇಷವಾಗಿ ಹೀರುವುದರಿಂದ ಹಸಿರು ನಿರುಪಯುಕ್ತವೆಂದು ಭಾವಿಸಿ ನೇರಳೆ ಬಣ್ಣದ ದೀಪಗಳನ್ನು ಕೊಳ್ಳುವವರುಂಟು. ಮೆಕ್‌ಕ್ರೀ ಎಂಬ ವಿಜ್ಞಾನಿ ಇಪ್ಪತ್ತೆರಡು ಬಗೆಯ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ ಅಳತೆಗಳು, ಹಸಿರು ಬೆಳಕೂ ದ್ಯುತಿಸಂಶ್ಲೇಷಣೆಗೆ ಗಣನೀಯವಾಗಿ ಒದಗುವುದನ್ನು ತೋರಿಸಿವೆ. ಮೇಲಾಗಿ ನೇರಳೆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುವುದರಿಂದ ರೋಗದ ಕಲೆಗಳು ಸುಲಭವಾಗಿ ಗೋಚರಿಸವು. ಸಾಮಾನ್ಯ ಬಳಕೆಗೆ ಬಿಳಿಯ ದೀಪವೇ ಲೇಸೆಂದು ನನ್ನ ಅಭಿಪ್ರಾಯ.

ಪೆಟ್ಟಿಗೆಯ ಮೇಲೆ ‘1000 ವಾಟಿಗೆ ಸಮಾನ’ ಎಂದು ಅಚ್ಚಾಗಿರುವುದನ್ನು ನಂಬಲಾಗದು. ದೀಪವು ವಾಸ್ತವವಾಗಿ ಸೆಳೆಯುವ ವಾಟುಗಳನ್ನೂ ಪ್ರತಿ ಜೌಲಿಗೆ ಹೊಮ್ಮಿಸುವ ಮೈಕ್ರೊಮೋಲ್‌ಗಳನ್ನೂ ವಿಚಾರಿಸಬೇಕು. ಎರಡೂವರೆಗೆ ಮೇಲ್ಪಟ್ಟುದು ಉತ್ತಮ.

ಬಳಕೆಯಲ್ಲಿ ದಿನದ ಒಟ್ಟು ಮೊತ್ತವೇ ಪ್ರಧಾನ. 200 ಮೈಕ್ರೊಮೋಲ್ ಬೆಳಕನ್ನು 16 ಗಂಟೆ ಕೊಟ್ಟರೆ ಚದರ ಮೀಟರಿಗೆ ಸುಮಾರು ಹನ್ನೊಂದೂವರೆ ಮೋಲ್ ದೊರೆಯುತ್ತದೆ. ಸೊಪ್ಪಿನ ಗಿಡಗಳಿಗೆ ಬಹುಮಟ್ಟಿಗೆ ಇಷ್ಟು ಸಾಕು. ದೀಪ ಮೇಲೇರಿದಂತೆ ಬೆಳಕು ಕುಗ್ಗುವುದರಿಂದ ಅಳತೆಯನ್ನು ಎಲೆಯ ಮಟ್ಟದಲ್ಲಿಯೇ, ನಡುವೆಯೂ ಅಂಚಿನಲ್ಲಿಯೂ ಮಾಡತಕ್ಕದ್ದು. ಫೋಟಾನುಗಳನ್ನು ಅಳೆಯುವ ಉಪಕರಣ ದುಬಾರಿ. ಬಿಳಿಯ ಎಲ್‌ಇಡಿಯಾದರೆ ಲಕ್ಸ್ ಮಾಪಕದ ಅಂಕವನ್ನು 67ರಿಂದ ಭಾಗಿಸಿ ಅಂದಾಜನ್ನು ಪಡೆಯಬಹುದು. ನೇರಳೆ ದೀಪಕ್ಕೆ ಈ ಲೆಕ್ಕ ಸಲ್ಲದು.

ಹಾಗೆಂದು ಇರುಳಿಡೀ ದೀಪ ಉರಿಸಬಾರದು. ಸೇವಂತಿಗೆಯ ಬಹುತೇಕ ತಳಿಗಳು ದೀರ್ಘವಾದ ಕತ್ತಲೆಯಿದ್ದಲ್ಲದೆ ಹೂಬಿಡವು. ನಡುರಾತ್ರಿ ಕೆಲಹೊತ್ತು ಬೆಳಗಿದ ದೀಪವೂ ಅವುಗಳ ಹೂವನ್ನು ತಡೆಯಬಲ್ಲದು. ಅಂತಹ ಗಿಡಗಳಲ್ಲಿ ಹೂವು ಬೇಕಾದಾಗ ಬೆಳಕಿನ ಅವಧಿ 12 ಗಂಟೆ ಮೀರದಂತೆ ನೋಡಿಕೊಂಡು, ಮೊತ್ತದಲ್ಲಾಗುವ ಕೊರತೆಯನ್ನು ದೀಪವನ್ನು ತುಸು ಕೆಳಗಿಳಿಸಿ ತುಂಬಿಕೊಳ್ಳಬೇಕಾಗುತ್ತದೆ.